ಇಳಿಯಲೆಂದು ಹೊತ್ತ ರೆಕ್ಕೆ

ಗಾಳಿಯೇ ಇಲ್ಲದ ಎತ್ತರಕ್ಕೆ ಹೋಗುವ ವಾಹನಕ್ಕೆ ರೆಕ್ಕೆ ಏಕೆ? ಏರುವಾಗ ಅದು ಹೊರೆ, ಮೇಲೆ ಹೋದರೆ ಕೆಲಸವಿಲ್ಲ. ಅಷ್ಟೇ ತೂಕದ ಇಂಧನವನ್ನೋ ಉಪಕರಣವನ್ನೋ ಒಯ್ಯಬಹುದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಹೋಗುವ ದಾರಿಯ ಲೆಕ್ಕವನ್ನಷ್ಟೇ ಹಾಕುತ್ತದೆ.

ಅಮೆರಿಕದ ಎಕ್ಸ್-15 ಮರಳುವ ದಾರಿಯ ಲೆಕ್ಕವನ್ನು ಕಲಿಸಿತು. ಬಿ-52 ವಿಮಾನದ ರೆಕ್ಕೆಯಡಿ ತೂಗಿಕೊಂಡು ಹೋಗಿ, ಕಳಚಿಕೊಂಡ ಮೇಲೆ ರಾಕೆಟ್ ಹೊತ್ತಿಸಿಕೊಳ್ಳುತ್ತಿದ್ದ ವಿಮಾನ ಅದು. 1963ರಲ್ಲಿ ಪೈಲಟ್ ಜೋ ವಾಕರ್ ಅದನ್ನು ಸುಮಾರು 108 ಕಿಲೋಮೀಟರ್ ಎತ್ತರಕ್ಕೆ ಒಯ್ದರು. ಅಲ್ಲಿ ವಿಮಾನದ ಮುಖ ತಿರುಗಿಸಲು ಹೈಡ್ರೋಜನ್ ಪೆರಾಕ್ಸೈಡ್‌ನ ಸಣ್ಣ ಚಿಮ್ಮುಗಳೇ ಗತಿ. ಕೆಳಗಿಳಿದು ಗಾಳಿ ದಟ್ಟವಾದಂತೆ ರೆಕ್ಕೆಗೆ ಮತ್ತೆ ಜೀವ ಬರುತ್ತಿತ್ತು. ಎಂಜಿನ್ ಆರಿದ ವಿಮಾನ ತೇಲುತ್ತಾ ಬಂದು ಒಣಗಿದ ಕೆರೆಯಂಗಳದಲ್ಲಿ ಇಳಿಯುತ್ತಿತ್ತು. 1959ರಿಂದ 1968ರೊಳಗೆ ಮೂರೇ ವಿಮಾನಗಳು 199 ಬಾರಿ ಹಾರಿದವು. ಮರಳಿ ಬಂದದ್ದನ್ನು ಬಿಚ್ಚಿ ನೋಡಿ, ತಿದ್ದಿ, ಮತ್ತೆ ಹಾರಿಸಲು ಸಾಧ್ಯವಾದದ್ದು ಆ ರೆಕ್ಕೆಯಿಂದ.

ರೆಕ್ಕೆಯಿಲ್ಲದ ರಾಕೆಟ್‌ಗಳೂ ಇಂದು ಮರಳುತ್ತವೆ, ನಿಜ. 2015ರಲ್ಲಿ ಫಾಲ್ಕನ್-9ರ ಮೊದಲ ಹಂತ ಎಂಜಿನ್ ಉರಿಸುತ್ತಲೇ ನೆಲಕ್ಕಿಳಿಯಿತು. ಆದರೆ ಅದಕ್ಕಾಗಿ ಇಂಧನವನ್ನು ಮೀಸಲಿಡಬೇಕು. ರೆಕ್ಕೆಯಾಗಲಿ ಇಂಧನವಾಗಲಿ, ಮರಳುವ ಬುತ್ತಿಯನ್ನು ಹೊರಡುವಾಗಲೇ ಕಟ್ಟಿಕೊಳ್ಳಬೇಕು.

ಆ ಬುತ್ತಿಯೇ ಕೈಕೊಡಬಹುದು ಎಂಬುದನ್ನೂ ಮರೆಯಲಾಗದು. 2003ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಎಡರೆಕ್ಕೆಯ ಅಂಚಿಗೆ, ಉಡಾವಣೆಯ ವೇಳೆ ಕಳಚಿದ ಫೋಮ್ ತುಂಡು ಬಡಿದಿತ್ತು. ಕಕ್ಷೆಯಿಂದ ಮರಳುವಾಗ ಆ ಗಾಯದೊಳಗೆ ಬಿಸಿ ಅನಿಲ ನುಗ್ಗಿ ನೌಕೆ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಕಳೆದುಕೊಂಡೆವು. ಕಕ್ಷೆಯಲ್ಲಿನ ವೇಗ ಎಕ್ಸ್-15ರ ಗರಿಷ್ಠ ವೇಗಕ್ಕೆ ಸುಮಾರು ನಾಲ್ಕು ಪಟ್ಟು. ವೇಗ ನಾಲ್ಕು ಪಟ್ಟಾದರೆ ಕಳೆದುಕೊಳ್ಳಬೇಕಾದ ಶಕ್ತಿ ಹದಿನಾರು ಪಟ್ಟು. ಬಾಹ್ಯಾಕಾಶದ ಅಂಚಿನವರೆಗೆ ಹೋಗಿ ಬಂದ ರೆಕ್ಕೆ ಕಕ್ಷೆಯಿಂದಲೂ ಕ್ಷೇಮವಾಗಿ ತರುತ್ತದೆಂದು ನಂಬಿ ಕೂರುವಂತಿಲ್ಲ.

ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ವಿವೇಕ. ಇಸ್ರೋದ ರೆಕ್ಕೆಯುಳ್ಳ ವಾಹನ 2016ರಲ್ಲಿ 65 ಕಿಲೋಮೀಟರ್ ಏರಿ ಬಂಗಾಳ ಕೊಲ್ಲಿಯತ್ತ ಇಳಿಯಿತು. ಆಮೇಲೆ ಇಸ್ರೋ ಚಳ್ಳಕೆರೆ ಬಳಿಯ ರನ್‌ವೇಯಲ್ಲಿ ಇಳಿಯುವುದನ್ನೇ ಮೂರು ಬಾರಿ ಅಭ್ಯಾಸ ಮಾಡಿತು. ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ರೆಕ್ಕೆಯ ವಾಹನ 'ಪುಷ್ಪಕ್' ತಾನೇ ದಾರಿ ಹುಡುಕಿಕೊಂಡು ಬಂತು. 2024ರ ಜೂನ್‌ನಲ್ಲಿ ಮೂರನೆಯ ಬಾರಿ ಇಳಿದದ್ದು, ಮಾರ್ಚ್‌ನಲ್ಲಿ ಇಳಿದಿದ್ದ ಅದೇ ರೆಕ್ಕೆಯ ಒಡಲು. ಎತ್ತರದ ದಾಖಲೆಗಿಂತ ನನಗೆ ಈ ಮರುಬಳಕೆಯೇ ದೊಡ್ಡದಾಗಿ ಕಾಣುತ್ತದೆ. ಹೊತ್ತ ರೆಕ್ಕೆಯ ಋಣ ತೀರುವುದು ಅದೇ ಒಡಲು ಮತ್ತೊಮ್ಮೆ ಹೊರಟಾಗ.