ಉಪ್ಪೆದ್ದ ಹೊಲದ ಲೆಕ್ಕ

ಮಕ್ಕಳೇ, ಆರನೇ ಇಯತ್ತೆ ಓದುವ ನನ್ನ ಮೊಮ್ಮಗಳು ಮೊನ್ನೆ ವಿಜ್ಞಾನದ ವಹಿ ಹಿಡಿದು ಬಂದಳು. ಪುಟದ ನಡುವೆ ಗೆರೆ ಎಳೆದಿದ್ದಳು. ಎಡಕ್ಕೆ ‘ಜೈವಿಕ ಘಟಕಗಳು’: ಗಿಡ, ಹುಳು, ಮೀನು, ಹಕ್ಕಿ, ಮನುಷ್ಯ. ಬಲಕ್ಕೆ ‘ಅಜೈವಿಕ ಘಟಕಗಳು’: ನೀರು, ಗಾಳಿ, ಬಿಸಿಲು, ಕಲ್ಲು, ಉಪ್ಪು.

“ಅಜ್ಜಾ, ಜೀವ ಇಲ್ಲದ್ದು ಸುಮ್ಮನ ಬಿದ್ದಿರತೈತಿ. ಅದನ್ನ ಯಾಕ ಕಲೀಬೇಕು?” ಅಂದಳು.

ನಾನು ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದು ತಲೆ ಹಣ್ಣಾದವನು. “ಒಂದೇ ಬದಿ ನೋಡಿ ಲೆಕ್ಕ ಹೇಳಬ್ಯಾಡವ್ವಾ. ರವಿವಾರ ನನ್ನ ಜೋಡಿ ಬಾ” ಅಂದೆ.

ಮೊದಲು ಗೋಕಾಕ ತಾಲ್ಲೂಕಿನ ಧೂಪದಾಳಕ್ಕೆ ಹೋದೆವು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ ಇಲ್ಲಿಗೆ ಬರುತ್ತಾಳೆ. ಧೂಪದಾಳದ ಒಡ್ಡಿಗೆ ನೀರು ನಿಂತಾಗ ಅದರೊಳಗಿನ ಮಣ್ಣು ತಳಕ್ಕೆ ಇಳಿಯುತ್ತದೆ. ತೆಳ್ಳಗಿನ ನೀರಿಗೆ ಬಿಸಿಲು ಬಿದ್ದು ಪಾಚಿ ಬೆಳೆಯುತ್ತದೆ. ಪಾಚಿಗೆ ಹುಳು-ಮೀನು, ಮೀನಿಗೆ ಕೊಕ್ಕರೆ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳೂ ಇಳಿಯುವುದರಿಂದ ಇದು ಘಟಪ್ರಭಾ ಪಕ್ಷಿಧಾಮವಾಗಿದೆ. “ನೀರು, ಮಣ್ಣು, ಬಿಸಿಲು ಇದ್ದದ್ದಕ್ಕ ಹಕ್ಕಿ ಬಂತು” ಎಂದು ಮೊಮ್ಮಗಳು ತಾನೇ ಹೇಳಿದಳು.

ಆದರೆ ಲೆಕ್ಕದ ಇನ್ನೊಂದು ಪುಟ ಉಳಿದಿತ್ತು. ಇದೇ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಮಧ್ಯಾಹ್ನ ಮೂಡಲಗಿ ಕಡೆಯ ನಮ್ಮ ಎರೆಹೊಲಕ್ಕೆ ಕರೆದೊಯ್ದೆ. ನಾನು ಸಣ್ಣವನಿದ್ದಾಗ ಅಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತಿದ್ದೆವು. ಕಾಲುವೆ ನೀರು ಸಿಕ್ಕ ಮೇಲೆ ಕಬ್ಬು ಬಂತು, ಕೈಯಲ್ಲಿ ರೊಕ್ಕ ಆಡಿತು. “ನೀರು ಪುಕ್ಕಟೆ ಬರತೈತಿ, ಇನ್ನಷ್ಟು ಬಿಡು” ಎಂದು ತಮ್ಮನಿಗೆ ಹೇಳಿದವನು ನಾನೇ.

ಈಗ ತೆಗ್ಗಿನ ಎರಡು ಎಕರೆ ಬೆಳ್ಳಗಾಗಿದೆ.

“ಅಜ್ಜಾ, ಇಲ್ಲಿ ಸುಣ್ಣ ಯಾರು ಚೆಲ್ಯಾರ?”

“ಸುಣ್ಣ ಅಲ್ಲವ್ವಾ, ಉಪ್ಪು. ನಾವ ಮಾಡಿಕೊಂಡದ್ದು.”

ಇದನ್ನೇ ರೈತರು ಸವಳು-ಜವಳು ಎನ್ನುತ್ತಾರೆ. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಅತಿಯಾಗಿ ಹಾಯಿಸಿದರೆ ಒಳಗಿನ ನೀರಿನ ಮಟ್ಟ ಮೇಲೇರಿ, ಮಣ್ಣಿನ ಉಪ್ಪು ಅದರಲ್ಲಿ ಕರಗಿ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಉಳಿಯುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲ, ಬೇರು ಉಸಿರುಗಟ್ಟುತ್ತದೆ. ಎರೆಹುಳು ಹೋಗುತ್ತದೆ, ಅದನ್ನು ಹುಡುಕಿ ಬರುವ ಹಕ್ಕಿಯೂ ಹೋಗುತ್ತದೆ. ಬಲಬದಿಯಲ್ಲಿ ನೀರಿನ ಲೆಕ್ಕ ತಪ್ಪಿತು, ಎಡಬದಿ ಖಾಲಿಯಾಯಿತು.

1935ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ ‘ಇಕೋಸಿಸ್ಟಮ್’ ಎಂಬ ಮಾತನ್ನು ಬಳಕೆಗೆ ತಂದಾಗ ಹೇಳಿದ್ದೂ ಇದನ್ನೇ: ಜೀವಿಗಳನ್ನು ಅವುಗಳ ಮಣ್ಣು-ಹವೆಯಿಂದ ಬೇರೆ ಮಾಡಿ ನೋಡಬಾರದು.

ತಮ್ಮ ಸುಮ್ಮನೆ ಕೂತಿಲ್ಲ. ಬಸಿಗಾಲುವೆ ತೋಡಿಸಿದ್ದಾನೆ, ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಮ್ ಹಾಕಿದ್ದಾನೆ. ಹೋದ ಮಳೆಗಾಲ ಡಯಂಚಾ ಬಿತ್ತಿ, ಹಸಿರಿರುವಾಗಲೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿದ್ದಾನೆ. ಬಸಿಗಾಲುವೆಯ ದಂಡೆಯಲ್ಲಿ ಮೊಮ್ಮಗಳು ಕಡ್ಡಿಯಿಂದ ಕೆದರಿ “ಅಜ್ಜಾ, ಎರೆಹುಳ!” ಎಂದು ಕೂಗಿದಳು. ಒಂದೇ ಒಂದು. ತಮ್ಮ ಓಡಿ ಬಂದು ಬಗ್ಗಿ ನೋಡಿದ. ಅವನ ಮುಖದಲ್ಲಿ ನಗೆ ಕಂಡು ಬಹಳ ದಿನವಾಗಿತ್ತು.

ರಾತ್ರಿ ಅವಳು ವಹಿ ತೆಗೆದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬಾಣ ಹಾಕಿದಳು. ನಡುವಿನ ಗೆರೆ ಕಾಣದಂತಾಯಿತು.

ನೀವೂ ಮಾಡಿ ನೋಡಿ. ತಳಕ್ಕೆ ತೂತಿರುವ ಎರಡು ಡಬ್ಬಿಗಳಲ್ಲಿ ಮಣ್ಣು ಹಾಕಿ ಹೆಸರುಕಾಳು ಬಿತ್ತಿರಿ. ಒಂದಕ್ಕೆ ಸಿಹಿನೀರು, ಇನ್ನೊಂದಕ್ಕೆ ಉಪ್ಪುನೀರು ಹಾಕಿರಿ. ವಾರ ಕಳೆದ ಮೇಲೆ ಎರಡನ್ನೂ ಅಜ್ಜ-ಅಜ್ಜಿಗೆ ತೋರಿಸಿ, ಅವರ ಕಾಲದ ಹೊಲ ಹೇಗಿತ್ತೆಂದು ಕೇಳಿರಿ.