ಗುಬ್ಬಿಗೂಡು ಹಂಚುವವರೇ, ಬಾಗಿಲು ತೆಗೆದು ನೋಡುವವರು ಯಾರು?

ಮಾರ್ಚ್ 20ರ ಗುಬ್ಬಚ್ಚಿ ದಿನ ಬಂತೆಂದರೆ ಬೆಂಗಳೂರಿನಲ್ಲಿ ಗುಬ್ಬಿಗೂಡು ಹಂಚುವ ಸಂಭ್ರಮ. ಮರದ ಪೆಟ್ಟಿಗೆ, ಅದರ ಮೇಲೆ ಹಂಚಿದವರ ಹೆಸರು, ಜೊತೆಗೊಂದು ಫೋಟೊ. ಏಪ್ರಿಲ್‌ನಲ್ಲಿ ಅದರೊಳಗೆ ಇಣುಕಿದವರನ್ನು ನಾನಂತೂ ಕಂಡಿಲ್ಲ. ಓಹಾಯೊದಲ್ಲಿರುವ ಮಗಳ ಮನೆಗೆ ಹೋಗಿಬಂದ ಮೇಲೆ ಈ ಸಂಭ್ರಮ ಇನ್ನೂ ಕಿರಿಕಿರಿ ಮಾಡುತ್ತಿದೆ.

ಮಗಳ ಬಡಾವಣೆಯ ಹಿಂದೆ ಹುಲ್ಲುಗಾವಲು, ಊರವರು ನಡೆದಾಡುವ ಕಾಲುದಾರಿ. ದಾರಿಯುದ್ದಕ್ಕೂ ಕಬ್ಬಿಣದ ಕಂಬಗಳ ಮೇಲೆ ಎದೆಯೆತ್ತರಕ್ಕೆ ಪೆಟ್ಟಿಗೆಗಳು. ಹಿಮ ಕರಗುತ್ತಿದ್ದಂತೆ ಬ್ಲೂಬರ್ಡ್‌ಗಳು ಅಲ್ಲಿಗೆ ಬರುತ್ತವೆ. ಬೆನ್ನು ಅಚ್ಚ ನೀಲಿ, ಎದೆ ಇಟ್ಟಿಗೆ ಬಣ್ಣ. ಗಂಡು ಪೆಟ್ಟಿಗೆಯ ಮೇಲೆ ಕೂತು ರೆಕ್ಕೆ ಅಲುಗಿಸಿ ಹೆಣ್ಣನ್ನು ಕರೆಯುತ್ತದೆ. ಗೂಡು ಕಟ್ಟುವ ಕೆಲಸ ಮಾತ್ರ ಹೆಣ್ಣಿನದೇ. (ಇದನ್ನು ಹೇಳಿದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ.)

ನೆರೆಮನೆಯ ನಿವೃತ್ತ ಮೇಷ್ಟ್ರು ವಾರಕ್ಕೊಮ್ಮೆ ಆ ದಾರಿ ಸುತ್ತುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟುತ್ತಾರೆ, ತಾಯಿ ಹಾರಿಹೋದ ಮೇಲೆ ಬಾಗಿಲು ತೆರೆಯುತ್ತಾರೆ. ತಿಳಿನೀಲಿ ಮೊಟ್ಟೆ ನಾಲ್ಕೋ ಐದೋ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಮರಿಗಳಿಗೆ ಹನ್ನೆರಡು ಹದಿಮೂರು ದಿನ ತುಂಬಿದ ಮೇಲೆ ಮಾತ್ರ ಬಾಗಿಲು ಮುಟ್ಟುವಂತಿಲ್ಲ. ಹೆದರಿ ರೆಕ್ಕೆ ಬಲಿಯುವ ಮುಂಚೆಯೇ ಹೊರಗೆ ಜಿಗಿದುಬಿಡುತ್ತವೆ. ಕಂಬಕ್ಕೆ ಅಗಲವಾದ ತಗಡಿನ ಕೊಳವೆ ತೊಡಿಸಿರುವುದು ಹಾವು, ರಕೂನ್ ಹತ್ತದಿರಲೆಂದು. ತೂತು ಒಂದೂವರೆ ಇಂಚು, ಸ್ಟಾರ್ಲಿಂಗ್ ಹಕ್ಕಿ ನುಗ್ಗದಷ್ಟು.

ಇಷ್ಟೆಲ್ಲ ಕಾವಲು ಏಕೆಂದರೆ ಈ ಹಕ್ಕಿಗೆ ತಾನೇ ಪೊಟರೆ ಕೊರೆಯಲು ಬಾರದು. ಮರಕುಟಿಗ ಬಿಟ್ಟುಹೋದದ್ದೋ, ಹಳೆಯ ಮರದ ಬೇಲಿಗೂಟದ್ದೋ, ಹೇಗೂ ಸಿದ್ಧವಿರುವ ತೂತೇ ಬೇಕು. 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟ ಯುರೋಪಿನ ಸ್ಟಾರ್ಲಿಂಗ್‌ಗಳ ಸಂತತಿ ಆ ತೂತುಗಳಿಗೂ ಕೈಹಾಕಿತು. ಬ್ಲೂಬರ್ಡ್‌ಗಳ ಸಂಖ್ಯೆ ಕುಸಿಯುತ್ತಿದ್ದಾಗ, 1934ರಲ್ಲಿ ಇಲಿನಾಯ್‌ನ ಥಾಮಸ್ ಮಸಲ್‌ಮನ್ ರಸ್ತೆಯುದ್ದಕ್ಕೂ ಸಾಲಾಗಿ ಪೆಟ್ಟಿಗೆ ನಿಲ್ಲಿಸಿದರು. 1978ರಲ್ಲಿ ಲಾರೆನ್ಸ್ ಝೆಲೆನಿ ಇದಕ್ಕೆಂದೇ ಸಂಘ ಕಟ್ಟಿದರು. ಬ್ಲೂಬರ್ಡ್ ಚೇತರಿಸಿಕೊಂಡಿತು.

ಇನ್ನೊಬ್ಬ ಶತ್ರು ಯಾರು ಗೊತ್ತೇ? ನಮ್ಮ ಗುಬ್ಬಚ್ಚಿ! 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ಗೆ ತಂದು ಬಿಟ್ಟದ್ದು ದೇಶವೆಲ್ಲ ಹರಡಿತು. ಬ್ಲೂಬರ್ಡನ್ನು ಅದರ ಗೂಡಿನಲ್ಲೇ ಕುಕ್ಕಿ ಕೊಲ್ಲುತ್ತದೆ. ಅಲ್ಲಿನ ಹಕ್ಕಿಗಳಿಗಿರುವ ಕಾನೂನಿನ ರಕ್ಷಣೆ ಇದಕ್ಕಿಲ್ಲ. ಮೇಷ್ಟ್ರು ಗುಬ್ಬಿಗೂಡು ಕಿತ್ತೆಸೆದಾಗ, ದೇವರ ಪಟದ ಹಿಂದಿನ ಗೂಡಿನಿಂದ ಅನ್ನದ ತಟ್ಟೆಗೆ ಹುಲ್ಲು ಉದುರುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಹೊಟ್ಟೆ ಕಿವುಚಿತು. ಆದರೆ ನಿಲ್ಲಿಸಿದ ಪೆಟ್ಟಿಗೆಯನ್ನು ನೋಡಿಕೊಳ್ಳಲಾಗದಿದ್ದರೆ ಕಿತ್ತುಬಿಡುವುದೇ ವಾಸಿ ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ದೇಶದಲ್ಲಿ ಒಟ್ಟಾರೆ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ, ಇಳಿದಿರುವುದು ಮಹಾನಗರಗಳಲ್ಲಿ. ಹಾಗಾದರೆ ಬೆಂಗಳೂರಿನಲ್ಲಿ ಕೊರತೆ ಗೂಡಿನದೋ, ಮರಿಗೆ ಗುಟುಕು ಕೊಡಲು ಬೇಕಾದ ಹುಳುವಿನದೋ? ಹಂಚಿದ ಪೆಟ್ಟಿಗೆಗಳಲ್ಲಿ ಎಷ್ಟಕ್ಕೆ ಗುಬ್ಬಿ ಬಂತು, ಎಷ್ಟರಲ್ಲಿ ಮರಿ ಹಾರಿತು ಎಂದು ಬರೆದಿಟ್ಟಿದ್ದರೆ ಇಷ್ಟು ಹೊತ್ತಿಗೆ ಸುಳಿವು ಸಿಗುತ್ತಿತ್ತು. ಸಾವಿರ ಹಂಚುವ ಬದಲು ಐವತ್ತು ಹಂಚಿ, ಒಂದೊಂದಕ್ಕೂ ನಂಬರು ಹಾಕಿ, ನೋಡುವವರ ಹೆಸರು ಬರೆಯಿರಿ. ಹಂಚಿದವರ ಹೆಸರು ಬೇಡ.

ನಮ್ಮ ಪಾರ್ಕಿನಲ್ಲಿರುವ ಪೆಟ್ಟಿಗೆಗಳನ್ನು ನಾಲ್ಕೂ ಕಡೆ ಮೊಳೆ ಹೊಡೆದು ಮುಚ್ಚಿದ್ದಾರೆ. ತೆರೆಯುವಂತಿಲ್ಲ, ಹಳೆಯ ಕಸ ತೆಗೆಯುವಂತಿಲ್ಲ. ಈ ಸಲ ಮಾಡಿಸುವವರು ಒಂದು ಬದಿಗಾದರೂ ಕೀಲು ಹಾಕಿಸಲಿ.