ಬಂದವರಿಗೆ ಮೊದಲ ದಿನವೇ ಕನ್ನಡ ಕೊಡಿ!



ನಿಮ್ಮ ಕಚೇರಿಗೆ ಹೊಸಬರೊಬ್ಬರು ಕೆಲಸಕ್ಕೆ ಸೇರಿದ ದಿನ ನೀವೇನು ಮಾಡುತ್ತೀರಿ? ಕೈ ಕುಲುಕುತ್ತೀರಿ, ಕುರ್ಚಿ ತೋರಿಸುತ್ತೀರಿ, ಚಹಾ ಕುಡಿಸುತ್ತೀರಿ. ಅವರು ಹೊರರಾಜ್ಯದವರೆಂದು ಗೊತ್ತಾದ ಕೂಡಲೇ ಅರೆಬರೆ ಹಿಂದಿಗೋ ಇಂಗ್ಲಿಷಿಗೋ ಜಾರುತ್ತೀರಿ. ಇದನ್ನೇ ಸೌಜನ್ಯ ಎಂದು ನಂಬಿದ್ದೀರಿ. ಇದು ಸೌಜನ್ಯವಲ್ಲ! ಬಂದವರನ್ನು ಕೊನೆಯವರೆಗೂ ಹೊರಗಿನವರಾಗಿಯೇ ಉಳಿಸುವ ದಾರಿ.

2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಬ್ಯಾಂಕ್ ಶಾಖೆಯೊಂದರ ವ್ಯವಸ್ಥಾಪಕರು ಗ್ರಾಹಕರ ಎದುರು ಕನ್ನಡ ಮಾತಾಡುವುದಿಲ್ಲವೆಂದು ಹಟ ಹಿಡಿದದ್ದನ್ನು ನಾಡೆಲ್ಲ ನೋಡಿತು. ಕೂಗೆದ್ದಿತು, ವರ್ಗಾವಣೆಯಾಯಿತು. ದೇಶದ ಎಲ್ಲ ಬ್ಯಾಂಕ್ ಸಿಬ್ಬಂದಿಗೂ ಸ್ಥಳೀಯ ಭಾಷೆ, ಸಂಸ್ಕೃತಿಯ ತಿಳಿವಳಿಕೆ ನೀಡುವ ತರಬೇತಿ ಕಡ್ಡಾಯವಾಗಲಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಗ ಕೇಂದ್ರವನ್ನು ಒತ್ತಾಯಿಸಿದರು. ಸರಿಯಾದ ಮಾತೇ. ಆದರೆ ದಿಲ್ಲಿಯ ಆದೇಶ ಬರುವತನಕ ನಾವು ಕೈಕಟ್ಟಿ ಕೂರಬೇಕೆ? ಖಾಲಿಯಾದ ಕುರ್ಚಿಗೆ ಬಂದವರಿಗೂ ಕನ್ನಡ ಬಾರದಿದ್ದರೆ ಮತ್ತದೇ ಗೋಳು!

ಈ ಗೋಳು ಹೆಚ್ಚು ತಟ್ಟುವುದು ನಗರದ ನಿಮಗಲ್ಲ. ನೀವು ಎರಡು ಭಾಷೆ ಬೆರೆಸಿ ಹೇಗೋ ಪಾರಾಗುತ್ತೀರಿ. ಬೆಳಗಾವಿ ಜಿಲ್ಲೆಯ ಕಡೆ ನೋಡಿ. ಬೈಲಹೊಂಗಲದ ಹತ್ತಿ ಬೆಳೆಗಾರ ಉತಾರ ಹಿಡಿದು ಬೆಳೆಸಾಲಕ್ಕೆ ಬರುತ್ತಾನೆ. ರಾಮದುರ್ಗದ ನೇಕಾರ ಮಗ್ಗದ ಸಾಲದ ಕಂತು ವಿಚಾರಿಸಲು ಬರುತ್ತಾನೆ. ಅವರಿಗೆ ಗೊತ್ತಿರುವುದು ಕನ್ನಡ. ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿಗಳ ಆಯ್ಕೆಯೋ ಅಖಿಲ ಭಾರತ ಮಟ್ಟದ್ದು. ಮೇಜಿನ ಆಚೆ ಪಾಟ್ನಾದ ತರುಣನೇ ಕೂತಿರಬಹುದು. ಅರ್ಜಿ, ಪಾಸ್‌ಬುಕ್ಕುಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಅರ್ಜಿಗೆ ಬಾಯಿಲ್ಲ. ಬಡ್ಡಿ ಎಷ್ಟು, ಗಡುವು ಯಾವಾಗ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ ರೈತನ ಹೊಲಕ್ಕೆ ಹೊಣೆ ಯಾರು?

ಹಾಗೆಂದು ಆ ತರುಣ ನಮ್ಮ ಶತ್ರುವಲ್ಲ. ಅವನೂ ಅನ್ನಕ್ಕಾಗಿ ಊರು ಬಿಟ್ಟು ಬಂದವನು. ಬಾಡಿಗೆ ಕೋಣೆ ಹುಡುಕಲು, ಖಾನಾವಳಿಯಲ್ಲಿ ಊಟ ಕೇಳಲು ಅವನಿಗೂ ಕನ್ನಡ ಬೇಕು. ಮೊದಲ ವಾರ ಅವನು ಕಲಿಯಲು ಸಿದ್ಧನಿರುತ್ತಾನೆ. ನಾವೆಲ್ಲ ಅವನ ಭಾಷೆಗೆ ಬಗ್ಗಿದರೆ ಮೂರು ವರ್ಷವಾದರೂ ಕಲಿಯುವುದಿಲ್ಲ. ಆ ತಪ್ಪಿನಲ್ಲಿ ಅರ್ಧ ಪಾಲು ನಮ್ಮದು!

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ನೋಡಿ. ಮಹಾರಾಷ್ಟ್ರದಿಂದ ಬಂದ ಭಕ್ತರೊಡನೆ ಬಳೆ, ಭಂಡಾರ ಮಾರುವವರು ಮರಾಠಿಯಲ್ಲಿ ವ್ಯವಹರಿಸುತ್ತಾರೆ. ಅವರಿಗೆ ಯಾವ ತರಬೇತಿ ಕೇಂದ್ರ ಕಲಿಸಿತು? ಗಿರಾಕಿಯ ಮಾತು ಕಲಿಯುವುದು ದಂಧೆಯ ಧರ್ಮ. ಬಳೆ ಮಾರುವ ತಾಯಿಗೆ ಸಾಧ್ಯವಾದದ್ದು ಪದವೀಧರ ಅಧಿಕಾರಿಗೆ ಅಸಾಧ್ಯವೆ?

ಆದ್ದರಿಂದ ನೀವು ಬ್ಯಾಂಕಿನಲ್ಲಿರಲಿ, ಕಾರ್ಖಾನೆಯಲ್ಲಿರಲಿ, ಸಾಫ್ಟ್‌ವೇರ್ ಕಂಪನಿಯಲ್ಲಿರಲಿ, ಇಷ್ಟು ಮಾಡಿ. ಹೊಸಬರಿಗೆ ಕನ್ನಡದ ಜೊತೆಗಾರನೊಬ್ಬನನ್ನು ಗೊತ್ತುಮಾಡಿ. ಆಯಾ ಕೆಲಸಕ್ಕೆ ಬೇಕಾದ ಹತ್ತು ವಾಕ್ಯ ಬರೆದುಕೊಡಿ. ಬೈಲಹೊಂಗಲದ ಶಾಖೆಯಾದರೆ 'ಬರ್ರಿ, ಕುಂದರ್ರಿ', 'ಉತಾರ ತಂದೀರೇನ್ರಿ?', 'ಇಲ್ಲೆ ಸಹಿ ಮಾಡ್ರಿ' ಎಂಬಲ್ಲಿಂದಲೇ ಶುರುವಾಗಲಿ. ಊಟದ ಹೊತ್ತು ಕನ್ನಡದ ಹೊತ್ತಾಗಲಿ. ಅವರು ತಪ್ಪಿದರೆ ನಗಬೇಡಿ, ತಿದ್ದಿ. ಬಿಡುವಿನ ದಿನ ಕಿತ್ತೂರಿನ ಕೋಟೆಗೆ ಕರೆದೊಯ್ದು 1824ರಲ್ಲಿ ಕಂಪನಿಯ ಸೈನ್ಯವನ್ನು ಸೋಲಿಸಿದ ಚೆನ್ನಮ್ಮನ ಕಥೆ ಹೇಳಿ; ಬೈಲಹೊಂಗಲದಲ್ಲಿ ಆಕೆಯ ಸಮಾಧಿ ತೋರಿಸಿ. ತಾವು ಅನ್ನ ಉಣ್ಣುವ ನೆಲ ಎಂಥದೆಂದು ಅವರಿಗೂ ತಿಳಿಯಲಿ.

ಇನ್ನೊಂದು ಮಾತು. ಇದೇ ಸವದತ್ತಿ, ರಾಮದುರ್ಗದ ಹುಡುಗ ನಿಮ್ಮ ಬೆಂಗಳೂರಿನ ಕಚೇರಿಗೆ ಬಂದಾಗ ಅವನ ಕನ್ನಡ ಕೇಳಿ ಮುಸಿಮುಸಿ ನಗುವವರು ಯಾರು? ಇಂಗ್ಲಿಷ್ ಬಾರದೆಂದು ಮೂಲೆಗೆ ತಳ್ಳುವವರು ಯಾರು? ಹೊರಗಿನವರಿಗಿಂತ ಮೊದಲು ನಾವೇ ಅಲ್ಲವೆ? ನಾಚಿಕೆಯಾಗಬೇಕು!

ಫಲಕಕ್ಕೆ ಮಸಿ ಬಳಿಯಲು ಒಂದು ಗಳಿಗೆ ಸಾಕು. ಒಬ್ಬರಿಗೆ ಕನ್ನಡ ಕಲಿಸಲು ತಿಂಗಳುಗಟ್ಟಲೆ ತಾಳ್ಮೆ ಬೇಕು. ಈಗ ಬೇಕಿರುವುದು ಆ ತಾಳ್ಮೆ. ನಾಳೆ ಹೊಸಬರು ಬಂದಾಗ ಮೊದಲ ಮಾತು ಕನ್ನಡದಲ್ಲಿ ಆಡಿ. ಎರಡನೆಯದನ್ನೂ ಕನ್ನಡದಲ್ಲೇ ಆಡಿ!